ಗಾಜಿಗೆ ಅಂಟಿದ್ದು

"ಬಾಗಿಲು! ಬಾಗಿಲು ಮುಚ್ರೀ...!"

ಕತ್ತಲ ಕೋಣೆಯೊಳಗಿನಿಂದ ಬಂದ ಆ ಕೂಗಿಗೆ ಹೇಯಿನ್ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಬಕೆಟ್ ವಾಲಿತು. ತೊಂಗ್‌ಯಂಗ್ ಊರಿನ ಮೀನು ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟ ಅಮ್ಮ, ಮಗಳ ಹೊಸ ಪ್ರಯೋಗಾಲಯಕ್ಕೆಂದು ಆರಿಸಿ ಕೊಟ್ಟಿದ್ದ ಬಂಡೆಗೆ ಅಂಟಿ ಬದುಕುವ ಮೊಂಗೆ ಎಂಬ ಹದಿನೈದು ಕಡಲಜೀವಿಗಳು ಅರ್ಧ ಬಕೆಟ್ ಕಡಲ ನೀರಿನ ಜೊತೆ ಹೊಸ್ತಿಲು ದಾಟಿ ಉರುಳಿಹೋದವು.

ಒಳಗಿದ್ದವನು ದೀಪ ಹಾಕಿದ. ಎತ್ತರದ ಮನುಷ್ಯ, ಕೆದರಿದ ಕೂದಲು, ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದುಃಖ.

"ಆರು ಗಂಟೆ ಕೆಲ್ಸ," ಎಂದ ಮೆಲ್ಲಗೆ. "ಬೆಳಕು ಬಿತ್ತು. ಬಣ್ಣ ಹೋಯ್ತು."

"ಕ್ಷಮಿಸಿ... ನಂಗೆ ಗೊತ್ತಾಗ್ಲಿಲ್ಲ..."

"ಹೊರಗೆ ಕೆಂಪು ದೀಪ ಉರೀತಿರ್ಲಿಲ್ವಾ?"

"ಉರೀತಿತ್ತು. ಚಂದ ಕಾಣ್ತಿತ್ತು. ಅದನ್ನೇ ನೋಡ್ತಾ ಬಾಗಿಲು ತಳ್ಳಿಬಿಟ್ಟೆ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಬೂಟಿನ ಹತ್ತಿರ ಬಿದ್ದಿದ್ದ ಒಂದು ಮೊಂಗೆ... ಕೆಂಪು ಮೈ, ಮೈತುಂಬ ಗುಬುಟು, ಅಂಗೈ ತುಂಬುವಷ್ಟು ದಪ್ಪ... ಮೈ ಬಿಗಿದು ಪಿಚಕ್ಕನೆ ಅವನ ಪ್ಯಾಂಟಿಗೆ ನೀರು ಚಿಮ್ಮಿಸಿತು.

ಇಬ್ಬರೂ ಅದನ್ನೇ ನೋಡಿದರು.

ಅವನು ನಕ್ಕುಬಿಟ್ಟ!

'ಅಯ್ಯೋ ದೇವರೇ, ಇವನಿಗೆ ನಗುವುದಕ್ಕೂ ಬರುತ್ತದೆ,' ಎಂದುಕೊಂಡಳು ಹೇಯಿನ್. ಆ ನಗುವನ್ನು ತಾನು ಎರಡು ವರ್ಷ ಹಗಲೆಲ್ಲ ಹುಡುಕಬೇಕಾದೀತೆಂದು ಅವಳಿಗೇನು ಗೊತ್ತು?

ಅವನ ಹೆಸರು ಪ್ಯೋ ಹ್ಯನ್‌ಸೋಕ್. ಜಿಂಜು ಪಟ್ಟಣದ ಆ ಪ್ರಯೋಗಾಲಯದಲ್ಲಿ ಅವಳಿಗಿಂತ ನಾಲ್ಕು ವರ್ಷ ಹಿರಿಯ. ಹಿರಿಯರನ್ನು ಅಲ್ಲಿ ಹೆಸರು ಹಿಡಿದು ಕರೆಯುವ ಹಾಗಿಲ್ಲ. ಎಲ್ಲರೂ ಕರೆಯುವಂತೆ ಅವಳೂ 'ಸನ್‌ಬೇ' ಎಂದಳು.

ಮೊಂಗೆಯ ರಕ್ತದಲ್ಲಿ ಪ್ರೋಟೀನಿನ ಪುಟ್ಟ ಪುಟ್ಟ ಚೂರುಗಳಿರುತ್ತವೆ. ಪೆಪ್ಟೈಡ್ ಅನ್ನುತ್ತಾರೆ. ಕಡಲ ನೀರಿನ ತುಂಬ ಬ್ಯಾಕ್ಟೀರಿಯಾ ಇದ್ದರೂ ಮೊಂಗೆ ಬದುಕಿರುವುದು ಆ ಚೂರುಗಳ ದಯೆಯಿಂದ. ಯಾವ ಚೂರು ಕೊಲ್ಲುತ್ತದೆ, ಹೇಗೆ ಕೊಲ್ಲುತ್ತದೆ... ಅದನ್ನು ಕಂಡುಹಿಡಿಯುವುದೇ ಅಲ್ಲಿನವರ ಕೆಲಸ.

ಒಂದು ವಾರದ ಮೇಲೆ ಹ್ಯನ್‌ಸೋಕ್ ತಾನಾಗಿಯೇ ಅವಳನ್ನು ಕತ್ತಲ ಕೋಣೆಗೆ ಕರೆದ.

"ಈ ಸಲ ಒಳಗಿಂದ ನೋಡಿ. ಇದು ಜೇನುಹುಳದ ವಿಷದ ಪೆಪ್ಟೈಡ್. ಈ ಹಸಿರು ಬಣ್ಣ ಇದೆಯಲ್ಲ, ಬ್ಯಾಕ್ಟೀರಿಯಾದ ಪೊರೆ ಒಡೆದ್ರೆ ಮಾತ್ರ ಒಳಗೆ ಹೋಗಿ ಹೊಳೆಯೋದು."

ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕಪ್ಪಿನಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿಕೊಂಡಿತು. ಇನ್ನೊಂದು. ಆಮೇಲೆ ನೂರು!

"ದೀಪ ಹಚ್ಚಿದ ಹಾಗಿದೆ ಸನ್‌ಬೇ!"

"ಸಾಯ್ತಾ ಇದಾವೆ ಪಾಪ. ನೀವು ಚಂದ ಅಂತಿದೀರಿ." ಅವನು ನಕ್ಕ. "ಈಗ ಮೊಂಗೆಯಿಂದ ತೆಗೆದ ನಮ್ಮ ಹನ್ನೊಂದನೇ ನಂಬರಿನ ಪೆಪ್ಟೈಡ್ ನೋಡಿ."

ಕಪ್ಪು. ಬರೀ ಕಪ್ಪು. ಒಂದು ಚುಕ್ಕೆಯೂ ಇಲ್ಲ.

"ಇದು ಕೊಲ್ಲಲ್ಲ ಹಾಗಾದ್ರೆ."

"ಕೊಲ್ಲುತ್ತೆ. ಅದೇ ಮಜಾ! ಇದೇ ಬ್ಯಾಕ್ಟೀರಿಯಾನ ಎತ್ಕೊಂಡು ಊಟ ಹಾಕಿ ಬೆಚ್ಚಗಿಟ್ರೆ ಒಂದೂ ಬೆಳೆಯಲ್ಲ. ಪೊರೆ ಒಡೀದೆ, ಸದ್ದಿಲ್ಲದೆ ಒಳಗೆ ಹೋಗಿ ಕೂತ್ಕೊಳ್ಳುತ್ತೆ. ಒಳಗೆ ಬಂದಿದ್ದು ಗೊತ್ತಾಗೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ."

ಹೇಯಿನ್ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ಕತ್ತಲಲ್ಲೇ ಅವನ ಕಡೆ ತಿರುಗಿದಳು. ಅವಳ ಎದೆಯ ಕಥೆಯೂ ಆಗಲೇ ಹಾಗೆಯೇ ಆಗಿಹೋಗಿತ್ತು.

ದಿನಗಳು ಹೋದವು. ಅವನು ತನ್ನ ಊಟದ ಡಬ್ಬಿಯಲ್ಲಿದ್ದ ಮೊಟ್ಟೆಯ ಸುರುಳಿಯನ್ನು ಮಾತಿಲ್ಲದೆ ಅವಳ ಅನ್ನದ ಮೇಲಿಡುತ್ತಿದ್ದ. ಅವಳು ಅವನ ಲೋಟಕ್ಕೆ ಬಾರ್ಲಿ ಚಹಾ ತುಂಬುತ್ತಿದ್ದಳು. ಅಷ್ಟೇ. ಅದಕ್ಕಿಂತ ಹೆಚ್ಚಿನದೇನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವಳ ಹುಟ್ಟುಹಬ್ಬಕ್ಕೆ ಅವನೊಂದು ಮರದ ಪೆಟ್ಟಿಗೆ ತಂದುಕೊಟ್ಟ. ಒಳಗೆ ಹತ್ತಿಯ ಮೇಲೆ ಹನ್ನೆರಡು ಗಾಜಿನ ಟ್ಯೂಬುಗಳು, ಗಾಜಿನದೇ ಮುಚ್ಚಳ.

"ನಮ್ಮ ಹಳೇ ಮೇಷ್ಟ್ರದು. ಈಗೆಲ್ಲ ಪ್ಲಾಸ್ಟಿಕ್, ಇದನ್ನ ಯಾರೂ ಮುಟ್ಟಲ್ಲ. ಪೆನ್ನಿಡೋಕೋ ಹೂವಿಡೋಕೋ ಆಗುತ್ತೆ ಅಂತ..."

"ಪೆನ್ನಾ! ಇಷ್ಟು ಚಂದದ್ದಕ್ಕೆ?"

ಅವನ ಕಿವಿ ಕೆಂಪಾಯಿತು.

ಅವನು ಹನ್ನೊಂದರ ಬಗ್ಗೆ ಲೇಖನ ಬರೆದು ಮುಗಿಸಿದ ವಸಂತ ಅದು. ಮೆಟ್ಟಿಲ ಹತ್ತಿರ ಅವಳನ್ನು ನಿಲ್ಲಿಸಿ ಅಂದ:

"ಹೇಯಿನ್ ಅವ್ರೇ... ಈ ಫಲಿತಾಂಶ ಇನ್ನೊಂದು ಕೈಯಲ್ಲೂ ನಿಂತ್ರೆ... ನಿಮ್ಹತ್ರ ಒಂದು ಮಾತು ಹೇಳೋದಿದೆ."

"ಈಗ್ಲೇ ಹೇಳಿ."

"ಇಲ್ಲ. ಕೈಯಲ್ಲಿ ಗಟ್ಟಿ ಏನಾದ್ರೂ ಇಟ್ಕೊಂಡು ಹೇಳ್ಬೇಕು ಅಂತಿದೀನಿ."

ಆ 'ಇನ್ನೊಂದು ಕೈ' ಅನ್ನುವುದು ಪ್ರಯೋಗಾಲಯದ ಮುಖ್ಯಸ್ಥೆ ಮೋಕ್ ಮೇಡಂ ಮಾಡಿದ ಕಟ್ಟುಪಾಡು. ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ಮೊದಲಿನಿಂದ ಮಾಡಿ ನೋಡಬೇಕು. ಮೂರು ಸಲ. ಮೊದಲಿನವರು ಆ ಮೇಜಿನ ಹತ್ತಿರವೂ ಸುಳಿಯಬಾರದು.

ಮೇಡಂ ಆರಿಸಿದ್ದು ಹೇಯಿನ್‌ಳನ್ನೇ. "ಇಲ್ಲಿರೋರಲ್ಲಿ ಚೊಕ್ಕಟವಾದ ಕೈ ನಿನ್ನದು," ಎಂದರು.

ಅವಳು ಒಂದೇ ಯೋಚನೆಯಲ್ಲಿ ತನ್ನ ಮೇಜಿಗೆ ಮರಳಿದಳು. ಇದು ಅವನ ನಾಲ್ಕು ವರ್ಷದ ಬದುಕು. ಇದರ ಹಿಂದೆ ಆ ಒಂದು ಮಾತೂ ಕಾದು ನಿಂತಿದೆ! ಎಲ್ಲರೂ ಬಳಸುವ ಮಂಕು ಪ್ಲಾಸ್ಟಿಕ್ ಟ್ಯೂಬಿನಲ್ಲಿ ಇದನ್ನು ಹೇಗೆ ಕಲೆಸಲಿ?

ಮರದ ಪೆಟ್ಟಿಗೆ ತೆರೆದಳು. ಆ ಗಾಜಿನ ಟ್ಯೂಬುಗಳನ್ನು ತನ್ನ ಕೈಯಾರೆ ಮೂರು ಸಲ ತೊಳೆದಳು, ಹಬೆಯಲ್ಲಿ ಶುದ್ಧ ಮಾಡಿದಳು. ಹನ್ನೊಂದನ್ನು ನೀರಿಗೆ ಬೆರೆಸಿ, ತೆಳ್ಳಗೆ, ಇನ್ನೂ ತೆಳ್ಳಗೆ ಮಾಡಿ ಅವುಗಳಲ್ಲಿ ತುಂಬಿದಳು. ಫ್ರಿಜ್ಜಿನಲ್ಲಿ ಹನ್ನೆರಡು ಗಂಟೆ ಇಟ್ಟಳು. ಪುಸ್ತಕದಲ್ಲಿ 'ಟ್ಯೂಬ್' ಎಂದಷ್ಟೇ ಬರೆದಳು. ಯಾವ ಟ್ಯೂಬ್ ಎಂದು ಬರೆಯಲು ನಾಚಿಕೆ!

ಮಾರನೇ ದಿನ ಬ್ಯಾಕ್ಟೀರಿಯಾ ತುಂಬಿದ ತೊಂಬತ್ತಾರು ಗುಳಿಗಳ ತಟ್ಟೆಗೆ ಅದನ್ನು ಹನಿಸಿದಳು. ಬ್ಯಾಕ್ಟೀರಿಯಾ ಸತ್ತಿದ್ದರೆ ಗುಳಿ ತಿಳಿಯಾಗಿರಬೇಕು, ಬೆಳೆದಿದ್ದರೆ ಮಬ್ಬು.

ಮಬ್ಬು. ತೊಂಬತ್ತಾರೂ ಮಬ್ಬು.

ಎರಡನೇ ಸಲ ಮಬ್ಬು. ಮೂರನೇ ಸಲವೂ...

ಸೋಮವಾರದ ಸಭೆಯಲ್ಲಿ ಅವಳು ಎದ್ದು ನಿಂತಳು. 'ಸುಳ್ಳು ಹೇಳಿಬಿಡಲಾ?' ಎಂದು ಒಂದು ಕ್ಷಣ ಅನ್ನಿಸಿತು. ಸುಳ್ಳಿನ ಮೇಲೆ ಅವನ ಮಾತು ಕೇಳಿಸಿಕೊಂಡು ಏನು ಮಾಡಲಿ?

"ಹನ್ನೊಂದು ಕೊಲ್ಲೋದಿಲ್ಲ," ಎಂದಳು.

ಕೋಣೆಯಲ್ಲಿ ಗುಸುಗುಸು ಎದ್ದಿತು. "ಹಸಿರೂ ಇಲ್ಲ, ಸಾವೂ ಇಲ್ಲ. ಹಾಗಾದ್ರೆ ಇವ್ರು ಇಷ್ಟು ವರ್ಷ ನೋಡಿದ್ದೇನು?" ಎಂದು ಯಾರೋ ಅಂದರು. ಹ್ಯನ್‌ಸೋಕ್ ಅವಳ ಮುಖವನ್ನೇ ನೋಡಿದ.

"ಮೂರು ಸಲಾನೂ?"

"ಮೂರು ಸಲಾನೂ... ಸನ್‌ಬೇ."

ಅವನು ತಲೆಬಾಗಿಸಿ ಕುಳಿತ. ಲೇಖನವನ್ನು ತಾನೇ ಹಿಂದಕ್ಕೆ ತರಿಸಿಕೊಂಡ. ಮುಂದಿನ ಸೋಮವಾರ ಅವನ ಕುರ್ಚಿ ಖಾಲಿ. ಫೋನ್ ನಂಬರೂ ಬದಲಾಗಿತ್ತು.

ಅವಳ ಮೇಜಿನ ಮೇಲೆ ಒಂದು ಚೀಟಿಯೂ ಇರಲಿಲ್ಲ. ಅವಳು ಲೋಟ ಎತ್ತಿ ನೋಡಿದಳು, ಪುಸ್ತಕ ಜಾಡಿಸಿ ನೋಡಿದಳು. ಏನೂ ಇರಲಿಲ್ಲ...

ಎರಡು ವರ್ಷ!

ಈ ಎರಡು ವರ್ಷ ಅವಳು ಹೇಗೆ ಬದುಕಿದಳು ಎಂದರೆ, ಎಲ್ಲರ ಹಾಗೆಯೇ ಬದುಕಿದಳು. ಬಂದಳು, ಹೋದಳು, ತಿಂದಳು, ನಕ್ಕಳು. ಕತ್ತಲ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಹೊತ್ತಿದಾಗ ಮಾತ್ರ ಒಂದು ಗಳಿಗೆ ನಿಲ್ಲುತ್ತಿದ್ದಳು. 'ಬಾಗಿಲು ಮುಚ್ರೀ' ಎಂದು ಯಾರಾದರೂ ಬೈದಾರೇನೋ ಎಂದು. ಊಟದ ಡಬ್ಬಿಯಲ್ಲಿ ಮೊಟ್ಟೆಯ ಸುರುಳಿ ಇದ್ದ ದಿನ ಅದನ್ನು ಕೊನೆಗೆ ತಿನ್ನುತ್ತಿದ್ದಳು. ಒಮ್ಮೊಮ್ಮೆ ತಿನ್ನದೆ ಮುಚ್ಚಿಡುತ್ತಿದ್ದಳು.

ಆ ಹನ್ನೆರಡು ಟ್ಯೂಬುಗಳಿದ್ದವಲ್ಲ... ಮೂರನೇ ಸಲ ಮುಗಿದ ಮೇಲೆ ಅವನ್ನು ತೊಳೆಯಲು ಅವಳಿಗೆ ಕೈ ಬರಲಿಲ್ಲ. ಒಳಗಿದ್ದ ನೀರು ಚೆಲ್ಲಿ, ಮುಚ್ಚಳ ಹಾಕಿ, ಫ್ರೀಜರಿನ ಹಿಂಬದಿಯ ಮೂಲೆಯಲ್ಲಿ ಇಟ್ಟುಬಿಟ್ಟಿದ್ದಳು. ಖಾಲಿ ಟ್ಯೂಬುಗಳನ್ನು ಯಾಕೆ ಇಟ್ಟಿದ್ದೀಯ ಎಂದು ಕೇಳಿದವರಿಗೆ "ಬೇಕಾಗುತ್ತೆ" ಅನ್ನುತ್ತಿದ್ದಳು.

'ನನ್ನನ್ನು ದ್ವೇಷಿಸುತ್ತಾನೆ. ಎಲ್ಲರೆದುರು ಅವನನ್ನು ಸುಳ್ಳುಗಾರ ಮಾಡಿದೆನಲ್ಲ...'

ಮೂರನೇ ವಸಂತ ಬಂತು. ಮೊಂಗೆಯ ಕಾಲ. ರಜೆಯ ದಿನ ಹೇಯಿನ್ ಅಮ್ಮನ ಅಂಗಡಿಯಲ್ಲಿ ಕುಳಿತು ಪಾತ್ರೆ ತೊಳೆಯುತ್ತಿದ್ದಳು. ಅಮ್ಮ ಕತ್ತಿಯಲ್ಲಿ ಮೊಂಗೆ ಸೀಳಿ, ಕೇಸರಿ ತಿರುಳು ತೆಗೆದು ತಟ್ಟೆಗೆ ಹಾಕುತ್ತಿದ್ದಳು. ಉಪ್ಪು ಹಾಕಿ ಮಾಗಿಸಿದ ಮೊಂಗೆಯ ದೊಡ್ಡ ಗಾಜಿನ ಜಾಡಿ ಹೇಯಿನ್ ಕೈಯಲ್ಲಿತ್ತು. ನಾಲ್ಕು ಸಲ ತೊಳೆದರೂ ವಾಸನೆ ಹೋಗಿರಲಿಲ್ಲ.

"ಎಷ್ಟು ಹೊತ್ತೇ ಉಜ್ಜುತ್ತೀಯ? ಜಾಡಿ ಸವೆದು ಹೋದೀತು!"

"ಹೋಗ್ತಾ ಇಲ್ಲಮ್ಮ ಇದು."

"ಇಷ್ಟು ಓದಿದೀಯ, ಅಷ್ಟೂ ತಿಳಿಯಲ್ವಲ್ಲೇ ನಿಂಗೆ. ಮೊಂಗೆ ರಸ ಗಾಜನ್ನ ಕಚ್ಕೊಂಡುಬಿಡುತ್ತೆ. ನೀರಿಗೆಲ್ಲಾ ಬಿಡಲ್ಲ ಅದು. ಒಂದು ಚೂರು ವಿನಿಗರ್ ಹಾಕಿ ಅಲ್ಲಾಡಿಸು, ತಾನೇ ಬಿಡುತ್ತೆ."

ಹೇಯಿನ್ ಕೈ ನಿಂತಿತು.

ಗಾಜನ್ನು ಕಚ್ಚಿಕೊಳ್ಳುತ್ತೆ... ನೀರಿಗೆ ಬಿಡಲ್ಲ...

ಅವಳಿಗೆ ಗೊತ್ತಿತ್ತು! ಮೊದಲ ವರ್ಷದ ಪಾಠದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದಳು. ಈ ಪೆಪ್ಟೈಡುಗಳಿಗೆ ಗಾಜೆಂದರೆ ಆಸೆ. ತೆಳ್ಳಗೆ ಮಾಡಿ ಗಾಜಿನಲ್ಲಿಟ್ಟರೆ ಎಲ್ಲವೂ ಹೋಗಿ ಗೋಡೆಗೆ ಅಂಟಿಕೊಳ್ಳುತ್ತವೆ, ಉಳಿಯುವುದು ಬರೀ ನೀರು. ಅದಕ್ಕೇ ಎಲ್ಲರೂ ಆ ಮಂಕು ಪ್ಲಾಸ್ಟಿಕ್ ಬಳಸುವುದು. ಗೊತ್ತಿದ್ದದ್ದು ಆ ದಿನ ತಲೆಗೆ ಬರಲೇ ಇಲ್ಲ. ಆ ದಿನ ತಲೆಯಲ್ಲಿ ಇದ್ದದ್ದು ಅವನು ಕೊಟ್ಟ ಟ್ಯೂಬು ಎಂಬ ಒಂದೇ ಒಂದು ವಿಷಯ...

"ಅಮ್ಮಾ... ನಾನು ತಪ್ಪು ಮಾಡಿದೆ."

"ಜಾಡಿ ಒಡೆದ್ಯಾ?"

"ಜಾಡಿ ಅಲ್ಲಮ್ಮ!"

ರಬ್ಬರ್ ಏಪ್ರನ್ ಬಿಚ್ಚಿ ಎಸೆದು ಅವಳು ಬಸ್ ನಿಲ್ದಾಣಕ್ಕೆ ಓಡಿದಳು. "ಊಟ ಮಾಡ್ಕೊಂಡು ಹೋಗೇ!" ಎಂದು ಅಮ್ಮ ಕೂಗಿದ್ದು ಮಾರ್ಕೆಟ್ಟಿಗೆಲ್ಲ ಕೇಳಿತು, ಅವಳಿಗೊಬ್ಬಳಿಗೆ ಕೇಳಲಿಲ್ಲ.

ಫ್ರೀಜರಿನ ಮೂಲೆಯಲ್ಲಿ ಹನ್ನೆರಡು ಟ್ಯೂಬುಗಳು ಹಾಗೇ ಇದ್ದವು. ನೋಡಲು ಖಾಲಿ. ವಿನಿಗರಿನ ಹುಳಿಯನ್ನೇ ತುಂಬ ತೆಳ್ಳಗೆ ಮಾಡಿ ಒಂದೊಂದಕ್ಕೂ ನಾಲ್ಕು ಹನಿ ಬಿಟ್ಟು, ಅಂಗೈಯಲ್ಲಿ ಹಿಡಿದು ಮೆಲ್ಲಗೆ ಉರುಳಿಸಿದಳು. ಆ ನೀರನ್ನು ಬ್ಯಾಕ್ಟೀರಿಯಾ ಇದ್ದ ಗುಳಿಗಳಿಗೆ ಹನಿಸಿದಳು. ಪಕ್ಕದ ಸಾಲಿಗೆ ಬರೀ ಹುಳಿ ನೀರು. ಕೊಂದದ್ದು ಹುಳಿಯೇ ಎಂದು ನಾಳೆ ಯಾರೂ ಹೇಳಬಾರದಲ್ಲ.

ಮರುದಿನ ಬೆಳಿಗ್ಗೆ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದು ತಟ್ಟೆ ಹೊರತೆಗೆದಳು.

ಬರೀ ಹುಳಿ ನೀರಿನ ಸಾಲು... ಮಬ್ಬು.

ಟ್ಯೂಬು ತೊಳೆದ ನೀರಿನ ಸಾಲು... ತಿಳಿ. ಕನ್ನಡಿಯ ಹಾಗೆ ತಿಳಿ!

'ಎರಡು ವರ್ಷ ಇಲ್ಲೇ ಇತ್ತು. ನಾನು ಖಾಲಿ ಅಂದುಕೊಂಡದ್ದರಲ್ಲೇ ಇತ್ತು...'

ಉಳಿದಿದ್ದ ಪುಡಿಯನ್ನು ಪ್ಲಾಸ್ಟಿಕ್ ಟ್ಯೂಬಿನಲ್ಲಿ ಕಲೆಸಿ ಮತ್ತೆ ಮೂರು ಸಲ ಮಾಡಿದಳು. ಮೂರು ಸಲವೂ ತಿಳಿ. ಕತ್ತಲ ಕೋಣೆಯಲ್ಲಿ ಹಸಿರು ಬಣ್ಣ ಹಾಕಿ ನೋಡಿದಳು. ಒಂದು ಚುಕ್ಕೆಯೂ ಹೊಳೆಯಲಿಲ್ಲ. ಅವನು ಹೇಳಿದ್ದು ಅಕ್ಷರಕ್ಷರವೂ ನಿಜ. ಆ ಕಪ್ಪನ್ನು ನೋಡುತ್ತಾ ಅವಳು ಸೂಕ್ಷ್ಮದರ್ಶಕದ ಮೇಲೆಯೇ ತಲೆಯಿಟ್ಟು ಅತ್ತಳು.

ಸೋಮವಾರ ಅದೇ ಸಭೆಯಲ್ಲಿ, ಅದೇ ಜಾಗದಲ್ಲಿ ಎದ್ದು ನಿಂತಳು.

"ಹ್ಯನ್‌ಸೋಕ್ ಸನ್‌ಬೇ ಸರಿ ಇದ್ರು. ತಪ್ಪಿದ್ದು ನನ್ನ ಕೈ. ನಾನು ಗಾಜಿನ ಟ್ಯೂಬ್ ಬಳಸಿದ್ದೆ. ಯಾರಿಗೂ ಹೇಳ್ಲಿಲ್ಲ."

ಗುಸುಗುಸು ಏಳಲಿಲ್ಲ. ಮೋಕ್ ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಯಾವ ಟ್ಯೂಬ್ ಅಂತ ನಾನೂ ಕೇಳ್ಲಿಲ್ಲವಲ್ಲಮ್ಮ. ಕೇಳೋದೇ ನನ್ನ ಕೆಲ್ಸ ಆಗಿತ್ತು." ತುಸು ತಡೆದು ಅಂದರು, "ಗಾಜು ಯಾಕೆ ತಗೊಂಡೆ?"

ಹೇಯಿನ್ ಮುಖ ಕೆಂಪೇರಿತು. ಮೇಡಂ ಅವಳನ್ನು ನೋಡಿದರು. ಇನ್ನೊಂದು ಪ್ರಶ್ನೆ ಕೇಳಲಿಲ್ಲ.

"ಹೋಗು. ಹುಡುಕಿ ಕರ್ಕೊಂಡು ಬಾ."

ಎಲ್ಲಿ ಅಂತ ಹುಡುಕುವುದು? ಅಮ್ಮನ ಅಂಗಡಿಗೆ ಬಂದು ಕುಸಿದು ಕುಳಿತವಳು ಎಲ್ಲವನ್ನೂ ಹೇಳಿಕೊಂಡು ಅತ್ತಳು. ಅಮ್ಮ ಕತ್ತಿ ಕೆಳಗಿಟ್ಟಳು.

"ಉದ್ದಕ್ಕೆ, ತಲೆ ಬಾಚದ ಹಾಗೆ ಇರ್ತಾನಲ್ಲ, ಅವನಾ?"

"ಅಮ್ಮಾ?!"

"ಹತ್ತು ದಿನಕ್ಕೊಮ್ಮೆ ಬರ್ತಾನೆ. ನಾಲ್ಕು ಮೊಂಗೆ ತಗೋತಾನೆ. ತಗೊಂಡು ಹೋಗಲ್ಲ, ನಿಂತೇ ಇರ್ತಾನೆ. 'ನೀರು ಚೆನ್ನಾಗಿದ್ಯಾ ಅಮ್ಮ, ವ್ಯಾಪಾರ ಚೆನ್ನಾಗಿದ್ಯಾ' ಅಂತ ಕೇಳಿ ಕೇಳಿ, ಕೊನೆಗೆ 'ಮನೇಲಿ ಎಲ್ರೂ ಚೆನ್ನಾಗಿದಾರಾ' ಅಂತಾನೆ. ಮನೇಲಿ ಎಲ್ರೂ ಅಂದ್ರೆ ಯಾರೇ? ನಾನು, ನೀನು, ಒಂದು ಬೆಕ್ಕು. ಅವನೇನು ಬೆಕ್ಕಿನ ಕ್ಷೇಮ ಕೇಳ್ತಿದ್ನಾ?"

"ನಂಗೆ ಯಾಕೆ ಹೇಳ್ಲಿಲ್ಲ!"

"ಹೇಳ್ಬೇಡಿ ಅಂದ. 'ಅವ್ರಿಗೆ ಮುಖ ತೋರಿಸೋ ಹಾಗಿಲ್ಲ' ಅಂದ. ಎರಡು ವರ್ಷ ಇಬ್ರೂ ಇದೇ ಕಟ್ಟೆ ಮೇಲೆ ಕೂತು ಒಬ್ರಾದ್ಮೇಲೆ ಒಬ್ರು ಮೂಗು ಒರೆಸ್ಕೊಂಡ್ರಿ. ನಾನು ಮೊಂಗೆ ಮಾರ್ಲೋ, ನಿಮ್ಮಿಬ್ರ ಮೂಗು ನೋಡ್ಲೋ?" ಅಮ್ಮ ಅವಳ ಕೆನ್ನೆಯನ್ನು ಒದ್ದೆ ಕೈಯಲ್ಲೇ ಒರೆಸಿದಳು. "ಸಾನ್ಯಾಂಗ್‌ನಲ್ಲಿದಾನೆ. ಮೊಂಗೆ ಸಾಕೋರ ನೀರು ಪರೀಕ್ಷೆ ಮಾಡ್ಕೊಡ್ತಾನೆ. ಬಸ್ಸಲ್ಲಿ ಅರ್ಧ ಗಂಟೆ. ಎದ್ದೇಳು."

ಅರ್ಧ ಗಂಟೆ! ಎರಡು ವರ್ಷದ ದೂರ ಬರೀ ಅರ್ಧ ಗಂಟೆ...

ಕಡಲ ದಂಡೆಯ ಕಟ್ಟೆಯ ಮೇಲೆ ಅವನು ಕೂತಿದ್ದ. ಎಳೆದು ತಂದ ಹಗ್ಗದ ತುಂಬ ಮೊಂಗೆಗಳು ಕೆಂಪು ಹಣ್ಣಿನ ಗೊಂಚಲಿನಂತೆ ತೂಗುತ್ತಿದ್ದವು. ಕೂದಲು ಹಾಗೇ ಕೆದರಿತ್ತು. ಹೆಜ್ಜೆಯ ಸದ್ದಿಗೆ ತಲೆಯೆತ್ತಿದವನ ಕೈಯಿಂದ ಶೀಶೆ ಜಾರಿ ನೀರಿಗೆ ಬಿತ್ತು.

"ಈ ಸಲಾನೂ ನಿಮ್ಮ ಕೆಲ್ಸ ಕೆಡಿಸಿದೆ," ಎಂದಳು ಹೇಯಿನ್. ನಗಲು ಹೋದಳು. ಆಗಲಿಲ್ಲ.

"ಹೇಯಿನ್ ಅವ್ರೇ..."

ಅವಳು ಮರದ ಪೆಟ್ಟಿಗೆಯನ್ನು ಅವನ ಮುಂದಿಟ್ಟು ತೆರೆದಳು. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಗಾಜು, ವಿನಿಗರ್, ತಿಳಿಯಾದ ಗುಳಿ, ಸೋಮವಾರದ ಸಭೆ.

ಅವನು ಒಂದು ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದ.

"ಇದ್ರಲ್ಲಾ? ಪೆನ್ನಿಡೋಕೆ ಕೊಟ್ಟಿದ್ದಲ್ವಾ ಇದು!"

"ನೀವು ಕೊಟ್ಟಿದ್ದು ಅಂತ..." ಅವಳು ಪೆಟ್ಟಿಗೆಯನ್ನು ಅವನ ಕಡೆ ತಳ್ಳಿದಳು. "ಬೈರಿ ನನ್ನ. ನಿಮ್ಮ ನಾಲ್ಕು ವರ್ಷ ಹಾಳು ಮಾಡಿದೆ. ದ್ವೇಷ ಇದ್ರೆ ಹೇಳ್ಬಿಡಿ."

"ದ್ವೇಷಾನಾ?" ಅವನು ನಿಜಕ್ಕೂ ಬೆರಗಾದ. "ನಿಮ್ಮ ಕೈ ತಪ್ಪೋದಿಲ್ಲ ಅಂತ ನಾನು ನಂಬಿದ್ದೆ. ನೀವು ಮೂರು ಸಲ ಅಂದಾಗ ತಪ್ಪು ನಂದೇ ಅಂದ್ಕೊಂಡೆ. ನಾನು ಬಳಸಿದ ಹಳೇ ಪುಡಿಯಲ್ಲಿ ಶುದ್ಧ ಮಾಡುವಾಗಿನ ಆಮ್ಲ ಉಳಿದಿರ್ಬೇಕು, ಅದೇ ಕೊಂದಿರ್ಬೇಕು, ನಾನು ಕುರುಡನ ಹಾಗೆ ಹನ್ನೊಂದಕ್ಕೆ ಹಾರ ಹಾಕ್ದೆ ಅಂತ... ಅಂಥವನು ನಿಮ್ಮ ಮುಂದೆ ಬಂದು ಯಾವ ಮಾತು ಹೇಳ್ಲಿ?"

ಹೇಯಿನ್ ಅಲ್ಲೇ ಕುಳಿತುಬಿಟ್ಟಳು. ಅವನು ತನ್ನ ಕಣ್ಣಿಗಿಂತ ಹೆಚ್ಚಾಗಿ ಅವಳ ಕೈಯನ್ನು ನಂಬಿದ್ದ. ಅದಕ್ಕೇ ಹೋಗಿದ್ದ! ಅವಳು ಅವನ ಟ್ಯೂಬನ್ನು ಪ್ರೀತಿಸಿದ್ದಳು. ಅದಕ್ಕೇ ತಪ್ಪಿದ್ದಳು!

ಹಗ್ಗದಲ್ಲಿದ್ದ ಮೊಂಗೆಯೊಂದು ಪಿಚಕ್ಕನೆ ನೀರು ಚಿಮ್ಮಿಸಿತು. ಇಬ್ಬರ ಮುಖಕ್ಕೂ ಬಿತ್ತು. ಅವನು ನಕ್ಕ. ಅದೇ ನಗು...

"ಇನ್ನೊಂದು ಕೈಯಲ್ಲಿ ನಿಂತ್ರೆ ಒಂದು ಮಾತು ಹೇಳ್ತೀನಿ ಅಂದಿದ್ರಿ," ಎಂದಳು ಅವಳು, ಮುಖ ಒರೆಸಿಕೊಳ್ಳದೆಯೇ. "ನಿಂತಿದೆ. ಹೇಳಿ... ಹ್ಯನ್‌ಸೋಕ್ ಅವ್ರೇ."

ಮೊದಲ ಸಲ ಅವಳ ಬಾಯಲ್ಲಿ 'ಸನ್‌ಬೇ' ಇಲ್ಲದ ಅವನ ಹೆಸರು. ಅವನ ಕಿವಿ ಕೆಂಪಾಯಿತು.

"ನನಗೆ ನೀವಂದ್ರೆ ಇಷ್ಟ," ಎಂದ. "ಬಕೆಟ್ ಚೆಲ್ಲಿದ ದಿನದಿಂದ."

"ಇನ್ನೊಂದ್ಸಲ."

"ಯಾಕೆ? ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೆ ಒಂದು ಸಲ ಆಗಿದ್ದನ್ನ ನಾವು ನಂಬ್ತೀವಾ? ಮೂರು ಸಲ ಆಗ್ಬೇಕು."

ಅವನು ಅವಳ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡ.

"ನನಗೆ ನೀನಂದ್ರೆ ಇಷ್ಟ, ಹೇಯಿನ್."

"ಎರಡಾಯ್ತು..." ಅವಳ ಕಣ್ಣು ತುಂಬಿ ಹರಿಯಿತು. "ಮೂರನೇದು?"

"ಅದು ನಿಮ್ಮಮ್ಮನ ಅಂಗಡಿ ಮುಂದೆ. ಇನ್ನೊಬ್ರು ನೋಡ್ಬೇಕಲ್ಲ... ನಡಿ, ಬಸ್ ಬರೋ ಹೊತ್ತಾಯ್ತು."